ಅರವತ್ತು ಸಿಸಿಗೆ ಹೊಸ ಪೈಪ್

ಜನವರಿ 9, ಗುರುವಾರ

ಇವತ್ತೂ ಊಟದ ಮೇಜಿನ ಮೇಲೆ ಇಂಜಿನ್. ಅಡುಗೆಮನೆಯಲ್ಲೇ ನಿಂತು ಚಪಾತಿ ತಿಂದೆ. ರೆಕ್ಕೆಗಳು ಗೋಡೆಗೊರಗಿವೆ, ಉಳಿದ ವಿಮಾನ ಸೋಫಾದ ಮೇಲೆ. ಮಾಡೆಲ್ ವಿಮಾನವೆಂದರೆ ಆಟಿಕೆ ಎಂದುಕೊಳ್ಳುವವರು ಜಯನಗರದ ನಮ್ಮ ಹಾಲ್ ನೋಡಬೇಕು.

ಪೆಟ್ರೋಲ್ ಇಂಜಿನ್, ಅರವತ್ತು ಸಿಸಿ. ಇಷ್ಟು ದಿನ ಚೆನ್ನಾಗಿಯೇ ಹಾರಿಸಿತು. ಈಗ ಇವರಿಗೆ ಸಾಲದಂತೆ. ಮಾಮೂಲಿ ಸೈಲೆನ್ಸರ್ ಕಿತ್ತು, ವಿಮಾನದ ಹೊಟ್ಟೆಯೊಳಗೆ ಹೊಗೆ ಹೊರಹಾಕುತ್ತಲೇ ಪವರ್ ಹೆಚ್ಚಿಸುವ ಉದ್ದನೆಯ ಟ್ಯೂನ್ಡ್ ಪೈಪ್ ಕೂರಿಸುತ್ತಿದ್ದಾರೆ. ಕಾರ್ಬೊರೇಟರ್ ಹಿಂದೆ ಪೆಟ್ರೋಲ್-ಗಾಳಿ ಒಳಬಿಡುವ ರೀಡ್ ವಾಲ್ವ್ ಕೂಡ ಹೊಸದು, ಕಾರ್ಬನ್ ಫೈಬರಿನದು.

"ಎಷ್ಟು ಪವರ್ ಬೇಕು ರೀ ನಿಮಗೆ? ರಿಟೈರ್ ಆದ್ಮೇಲೆ ಇದೇನ್ ಹುಚ್ಚು?"

"ಥ್ರಾಟಲ್ ಕೊಟ್ಟ ತಕ್ಷಣ ನೇರ ಮೇಲಕ್ಕೆ ಹೋಗ್ಬೇಕು ಚೂಡಾ. ತಕ್ಷಣ."

ಇಂಥ ಮಾತು ಹೇಳುವಾಗ ಇವರ ಮುಖ ಅರಳುತ್ತದೆ. ಇವತ್ತು ಅರಳಲಿಲ್ಲ.

ಜನವರಿ 12, ಭಾನುವಾರ

ತಲಘಟ್ಟಪುರ. ವಿಮಾನ ಹಾರಿಸಲು ಜಾಗ ಕೊಟ್ಟಿರುವ ಗೆಳೆಯ ಶಿವರಾಮ್ ಅವರ ಹೊಲ — ಹೊಲ ಎನ್ನುವುದು ಹಳೆಯ ಅಭ್ಯಾಸ. ಎರಡು ಕಡೆ ಸೈಟುಗಳು. ಇನ್ನೊಂದು ಕಡೆ ಏಳುತ್ತಿರುವ ಅಪಾರ್ಟ್‌ಮೆಂಟ್, ಅದರ ಪಕ್ಕ ಕೂಲಿಯವರ ಶೀಟ್ ಮನೆಗಳು. ಉಳಿದ ಪಟ್ಟಿಯೇ ನಮ್ಮ ರನ್‌ವೇ.

ವಿಮಾನವನ್ನು ಕಂಬಕ್ಕೆ ಕಟ್ಟಿ ಇಂಜಿನ್ ಓಡಿಸಿದರು. ಪೈಪಿಗೆ ಹೋಗುವ ಕೊಳವೆಯನ್ನು ಚೂರೇ ಚೂರು ಕತ್ತರಿಸುವುದು, ಸ್ಟಾರ್ಟ್ ಮಾಡಿ ಆರ್‌ಪಿಎಂ ನೋಡುವುದು, ಮತ್ತೆ ಕತ್ತರಿಸುವುದು. ಅರ್ಧ ಥ್ರಾಟಲ್ ದಾಟಿದ್ದೇ ಸದ್ದು ಒಮ್ಮೆಲೇ ಚೂಪಾಗುತ್ತದೆ. ಎದೆಗೆ ಬಡಿಯುತ್ತದೆ.

"ಮೇಡಂ, ಇದ್ ಇನ್ಮೇಲೆ ಇಲ್ಲಿ ನಿಲ್ಲಲ್ಲ, ಚಂದ್ರಂಗೇ ಹೋಗುತ್ತೆ," ಎಂದು ಶಿವರಾಮ್ ನಕ್ಕರು.

ನನಗೆ ನಗು ಬರಲಿಲ್ಲ. ಇವರು ಮೀಟರ್ ನನ್ನ ಕೈಗೆ ಕೊಟ್ಟು "ನೀನೇ ಓದು" ಎಂದಿದ್ದರು. ಗರಗಸ ಶಿವರಾಮ್ ಕೈಗೆ. ಯಾರಿಗೂ ಒಂದು ಸ್ಕ್ರೂ ಮುಟ್ಟಗೊಡದ ಮನುಷ್ಯ! ಕಾರ್ಬೊರೇಟರ್ ಸರಿಮಾಡುವಾಗ ಇವರ ಸ್ಕ್ರೂಡ್ರೈವರ್ ಜಾರಿತು. ಮತ್ತೆ ಜಾರಿತು. ತಿರುಗುತ್ತಿರುವ ಪ್ರೊಪೆಲರ್ ಅಲ್ಲಿಂದ ಒಂದು ಗೇಣು.

ಇವರ ಬೆರಳುಗಳನ್ನೇ ನೋಡುತ್ತ ನಿಂತೆ.

ಜನವರಿ 15, ಬುಧವಾರ

ಎದುರು ಮನೆಯ ಈಶ್ವರಮ್ಮ ತಡೆದು ಕೇಳಿದರು. "ನಿಮ್ ಯಜಮಾನ್ರಿಗೆ ನಮ್ ಮೇಲೇನಾದ್ರೂ ಬೇಜಾರಾ? ನಿನ್ನೆ ಎಳ್ಳು-ಬೆಲ್ಲ ಹಿಡ್ಕೊಂಡು ಎದುರಿಗೇ ನಿಂತಿದ್ದೆ. ಮಾತಾಡ್ಸದೇ ಹೋದ್ರು."

ಇವರನ್ನು ಕೇಳಿದೆ. "ಏನೋ ಯೋಚ್ನೇಲಿದ್ದೆ."

ಮರೆವು ಶುರುವಾಯಿತೇ? ತಲೆಯಲ್ಲಿ ಬೇರೇನಾದರೂ... ಡಾಕ್ಟರ್ ಹತ್ತಿರ ಹೋಗೋಣ ಎಂದರೆ ಭಾನುವಾರ ಹಾರಿಸಿದ ಮೇಲೆ ಎನ್ನುತ್ತಾರೆ. ಭಾನುವಾರ ಬೇಡ ಎಂದೆ. ಕೇಳಿಸಿಕೊಳ್ಳಲಿಲ್ಲ.

ಜನವರಿ 19, ಭಾನುವಾರ. ಕಾರಿನಲ್ಲಿ

ಮನೆಗೆ ಶಿವರಾಮ್ ಬಿಡುತ್ತಾರೆ; ಅವರು ವಿಮಾನ ಬಿಚ್ಚಿಡುವಷ್ಟರಲ್ಲಿ ಬರೆಯುತ್ತಿದ್ದೇನೆ.

ಟೇಕಾಫ್ ಸರಿಯಾಗಿತ್ತು. ಪೈಪ್ ಎಳೆಯಿತು — ನೇರ ಮೇಲಕ್ಕೆ, ಎಂದೂ ಹೋಗದಷ್ಟು ಎತ್ತರಕ್ಕೆ. ಇಳಿಯುವಾಗ ಒಂದು ಕಡೆಗೆ ವಾಲಿತು. ಸರಿಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ.

"ರೀ, ವಾಲ್ತಿದೆ!"

"ಯಾವ ಕಡೆ?"

ತಿರುಗಿ ನೋಡಿದೆ. ಇವರು ಆಕಾಶದ ಬೇರೊಂದು ಮೂಲೆಯನ್ನು ನೋಡುತ್ತಿದ್ದರು.

"ಚೂಡಾ, ನಂಗೆ ಕಾಣ್ತಿಲ್ಲ. ತಗೋ. ತಗೋ ಇದನ್ನ!"

ರಿಮೋಟ್ ನನ್ನ ಕೈಗೆ ತುರುಕಿದರು. ನಾನು ಹಾರಿಸಿರುವುದು ಕಲಿಯುವವರಿಗೆಂದೇ ಇರುವ ಬ್ಯಾಟರಿಯ ಸಣ್ಣ ವಿಮಾನ ಮಾತ್ರ. ಹೇಗೋ ರೆಕ್ಕೆ ಸಮ ಮಾಡಿದೆ. ಇವರು ಕಿವಿಯಲ್ಲೇ ಹಾರಿಸುತ್ತಿದ್ದರು. "ಥ್ರಾಟಲ್ ಇಳಿಸು. ಇನ್ನೂ ಇಳಿಸು... ಹಾಂ, ಸದ್ದು ಸರಿಯಾಯ್ತು. ದೊಡ್ಡ ಸುತ್ತು ಹಾಕ್ಕೊಂಡು ಬಾ."

ಇಳಿಸಲು ಬಂದಾಗ ದಾರಿ ತಪ್ಪಿತು. ತೀರಾ ಕೆಳಗೆ, ಎದುರಿಗೇ ಶೀಟ್ ಮನೆಗಳು. ಹೊರಗೆ ಒಬ್ಬಳು ಪಾತ್ರೆ ತೊಳೆಯುತ್ತ ಕೂತಿದ್ದಳು. ಶಿವರಾಮ್ "ಏಳಮ್ಮಾ, ಎದ್ದೋಗು!" ಎಂದು ಕೂಗುತ್ತ ಓಡಿದರು.

"ಮನೆ ಇದೆ ರೀ ಮುಂದೆ!"

"ಪೂರ್ತಿ ಥ್ರಾಟಲ್! ಮೂಗು ಎತ್ತು, ಜಾಸ್ತಿ ಬೇಡ!"

ಕೊಟ್ಟೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಚೂಪು ಸದ್ದು. ವಿಮಾನ ಶೀಟನ್ನು ಸವರಿದಂತೆ ಮೇಲೆದ್ದಿತು.

ಎರಡನೆಯ ಸಲ ಇಳಿಸಿದೆ. ಇಳಿಸಿದೆ ಎನ್ನುವುದಕ್ಕಿಂತ, ಬಿತ್ತು. ಚಕ್ರ ಮುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆ ಹೆಂಗಸಿನ ಹತ್ತಿರ ಹೋಗಿ ತಪ್ಪಾಯಿತಮ್ಮ ಎಂದೆ. ಅವಳು ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜನವರಿ 20, ಸೋಮವಾರ

ಕಾಫಿ ಆರಿಹೋದ ಮೇಲೆ ಇವರು ಹೇಳಿದರು.

"ದೀಪಾವಳಿಯಿಂದ ಹೀಗೇ. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತೆ. ನೇರ ನೋಡಿದ್ರೆ ನಡುವೆ ಮಸಿ ಬಳಿದ ಹಾಗೆ. ಪಕ್ಕದ್ದು ಕಾಣುತ್ತೆ."

"ಹಾಗಿದ್ದೂ ಇನ್ನಷ್ಟು ಪವರ್ ಯಾಕೆ ಬೇಕಾಗಿತ್ತು?"

"ವಾಲಿದ್ದು ನಂಗೆ ಗೊತ್ತಾಗೋದು ತಡ ಆಗ್ತಿತ್ತು. ತಡವಾದ್ರೂ ಮೇಲೆತ್ಕೊಂಡು ಹೋಗೋ ಇಂಜಿನ್ ಇದ್ರೆ... ಇನ್ನೊಂದು ವರ್ಷ ಹಾರಿಸ್ಬೋದು ಅಂದ್ಕೊಂಡೆ."

ಹುಚ್ಚು ಎಂದಿದ್ದೆ. ಹೆದರಿಕೆ ಅದು. ಕರುಣೆ ಬಂತು, ಅದರ ಹಿಂದೆಯೇ ಸಿಟ್ಟು. "ಕಾರು? ನಿನ್ನೆ ಹೋಗೋವಾಗ ಕನಕಪುರ ರೋಡಲ್ಲಿ ಕಾರೂ ಓಡಿಸಿದ್ರಲ್ಲ!"

ಕಾರಿನ ಕೀ ನನ್ನ ಪರ್ಸಿಗೆ ಹಾಕಿಕೊಂಡೆ.

ಜನವರಿ 31, ಶುಕ್ರವಾರ. ಕಣ್ಣಿನ ಆಸ್ಪತ್ರೆ

ಇವರು ಒಳಗಿದ್ದಾರೆ. ಮೊದಲ ಇಂಜೆಕ್ಷನ್, ಕಣ್ಣಿನೊಳಗೇ. ಎರಡೂ ಕಣ್ಣಿನ ರೆಟಿನಾದ ನಡುವೆ ರಕ್ತ ಸೋರಿದೆಯಂತೆ. ಹೋದದ್ದು ಪೂರ್ತಿ ಬರುವುದು ಅನುಮಾನ, ಇರುವುದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರ್. ಮೊದಲೇ ಬಂದಿದ್ದರೆ ಎಂದು ಕೇಳಬೇಕೆನಿಸಿತು.

ಶಿವರಾಮ್ ಫೋನ್ ಮಾಡಿದ್ದರು. "ಚಕ್ರ ರೆಡಿ ಮಾಡ್ಸಿದೀನಿ ಮೇಡಂ. ಸಾರ್ ಇಂಜಿನ್ ಯಾರಿಗಾದ್ರೂ ಕೊಟ್ಬಿಡು ಅಂತವ್ರೆ. ಏನ್ ಮಾಡ್ಲಿ?"

"ಯಾರಿಗೂ ಕೊಡ್ಬೇಡಿ. ಸರಿಯಾಗಿ ಇಳಿಸೋದು ನಾನು ಕಲೀಬೇಕು," ಎಂದೆ. ಇವರಿಗೆ ಇನ್ನೂ ಹೇಳಿಲ್ಲ. ಬೇಡ ಎಂದರೆ? ಹೂಂ ಎಂದರೆ?

ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಪಟ್ಟಿ. ನರ್ಸ್ ತೋಳು ಹಿಡಿಯಲು ಹೋದರೆ ಬೇಡ ಎನ್ನುತ್ತಿದ್ದಾರೆ. ಬೇರೆ ಯಾರದೋ ಕುರ್ಚಿಯ ಕಡೆ ಹೊರಟಿದ್ದಾರೆ, ಚೂಡಾ ಎನ್ನುತ್ತ... ಇಲ್ಲೇ ಇದ್ದೀನಿ ರೀ, ಬಂದೆ —