ಗುಂಡಿಲ್ಲದ ಒರಳು

27 ಸೆಪ್ಟೆಂಬರ್ 1994, ಮಂಗಳವಾರ

ನಾಲೆಗೆ ನೀರು ಬಂತು. ಮೇಲಿನ ಗದ್ದೆಯ ಚಲುವರಾಜು ತೂಬಿಗೆ ಮಣ್ಣು ಹಾಕಿಕೊಂಡು ಕೂತಿದ್ದ. ಬೈದೆ. ಬಿಟ್ಟ. ಕರು ಹಿತ್ತಲ ಒರಳಿನಲ್ಲೇ ಕಲಗಚ್ಚು ಕುಡಿಯುತ್ತದೆ. ಗುಂಡಿಲ್ಲದ ಒರಳು ಇನ್ಯಾತಕ್ಕೆ.

ರೇಡಿಯೋ ತುಂಬ ಸೂರತ್ತಿನ ಪ್ಲೇಗು. ಮಗ ಲೋಕೇಶ ಜೋರಾಗಿ ಇಟ್ಟಿದ್ದ. ಚಿಕ್ಕಬೋರತ್ತೆ ಗೋಡೆಗೆ ಒರಗಿದ್ದಳು. ಅಪ್ಪನ ತಂಗಿ. ತೊಂಬತ್ತರ ಹತ್ತಿರ, ಕಣ್ಣು ಕಾಣುವುದಿಲ್ಲ.

"ಆರ್ಸ್ಲಾ ಅದ್ನ. ನಿಮ್ಮಜ್ಜಿ ಓಗಿದ್ದೇ ಅದ್ರಲ್ಲಿ."

ನಾನು ಸಣ್ಣವನಿದ್ದಾಗ ಅವ್ವ ಸತ್ತಳು — ಗೊತ್ತಿದ್ದದ್ದು ಅಷ್ಟೇ. ಮುಖ ನೆನಪಿಲ್ಲ. ದನಿ ನೆನಪಿಲ್ಲ. ಮಣ್ಣು ಮಾಡಿದ ಗುಡ್ಡೆ ಎಲ್ಲಿ ಅಂತ ಕೇಳಿದಾಗಲೆಲ್ಲ ಅಪ್ಪ ಎದ್ದು ಹೋಗುತ್ತಿದ್ದ.

"ಎಲ್ಲಿ ಊತ್ರು ಅತ್ತೆ?"

"ಊರೋರೆಲ್ಲಾ ಬಯ್ಲಲ್ಲಿ ಗುಡ್ಲು ಆಕ್ಕಂಡಿದ್ರು. ಎಣ ಮುಟ್ಟೋರಿರ್ನಿಲ್ಲ. ಒಳೆ ಆಚೆ ಚರ್ಚಿನೋರು ಗಾಡೀಲಿ ಬಂದು ಎತ್ಕೊಂಡೋದ್ರು. ಅವ್ರ ಸಮಾಧಿ ತಾವೇ ಮಣ್ಣು ಮಾಡುದ್ರಂತೆ."

"ಇಷ್ಟು ವರ್ಸ ಬಾಯಲ್ಲೇನು ಕಡುಬು ತುರ್ಕೊಂಡಿದ್ಯಾ?"

"ಆ ರೋಗದ ಎಸ್ರ ಮನೇಲಿ ಎತ್ಬಾರ್ದು ಅಂದಿದ್ದ ನಿಮ್ಮಪ್ಪ. ಎತ್ನಿಲ್ಲ. ಕೂಗಾಡ್ಬ್ಯಾಡ ಜವರ."

ಊಟ ಮಾಡಲಿಲ್ಲ.

4 ಅಕ್ಟೋಬರ್, ಅಮಾವಾಸ್ಯೆ

ಹಿರೀಕರ ಹಬ್ಬ. ಅಪ್ಪನಿಗೆ, ತಾತನಿಗೆ ಎಡೆ. ಆಮೇಲೆ ಗದ್ದೆಗೆ ಹೋಗಿ ಅವರವರ ಗುಡ್ಡೆಗೆ ಹೂವು. ಅವ್ವನ ಎಲೆ ಯಾವತ್ತಿನಂತೆ ಮನೆಯ ಮೂಲೆಯಲ್ಲಿ. ಸೊಸೆ ಪ್ರಮೀಳಾ ಕೇಳಿದಳು, "ಅಜ್ಜಿಗೆ ಏನ್ ಬಡಿಸ್ಲಿ ಮಾವ, ಏನಿಷ್ಟ ಇತ್ತು?"

"ನಂಗೇನಮ್ಮ ಗೊತ್ತು, ಬಡ್ಸು ಏನಾದ್ರೂ!"

ರೇಗಿಬಿಟ್ಟೆ. ಅವಳದೇನು ತಪ್ಪು. ಅವ್ವ ಮಲಗಿರುವ ನೆಲದಲ್ಲೇ ಒಂದು ಸಲವಾದರೂ ಎಡೆ ಇಡಬೇಕು. ಅತ್ತೆ ಇರುವಾಗಲೇ. ನಾನು ಇರುವಾಗಲೇ.

10 ಅಕ್ಟೋಬರ್, ಸೋಮವಾರ, ಸಂಜೆ

ಹೋಗಿ ಬಂದೆ. ಹೇಗೆ ಬರೆಯುವುದೋ.

ಬಾಬುರಾಯನಕೊಪ್ಪಲಲ್ಲಿ ಬಸ್ಸು ಇಳಿದು ನಡೆದೆ. ಕಬ್ಬಿನ ಗದ್ದೆಗಳ ನಡುವೆ ಚರ್ಚು. ದೂರದಿಂದ ಎಷ್ಟೋ ಸಲ ಕಂಡಿದ್ದೆ. ನಿಂತು ನೋಡಿದವನಲ್ಲ.

ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಬಾವಿಗೆ ಇಳಿದಂತೆ ತಣ್ಣಗೆ. ಗೋಡೆ ಪಟ್ಟಣದ ಕೋಟೆಯಷ್ಟು ದಪ್ಪ. ಸೂರು ಎಲ್ಲೋ ಮೇಲೆ… ಗುಬ್ಬಿ ಹಾರಿದರೆ ರೆಕ್ಕೆಯ ಸದ್ದು ಕೆಳಗೆ ಕೇಳುತ್ತದೆ. ಬಣ್ಣದ ಗಾಜಿನಿಂದ ಬಿಸಿಲು ಬಂದು ಪಂಚೆ ಮೇಲೆ ಕೆಂಪಗೆ, ನೀಲಿಯಾಗಿ ಬಿತ್ತು. ಕೊಡವಿದೆ. ಹೋಗಲಿಲ್ಲ. ಯಾರೂ ಇರಲಿಲ್ಲ, ಆದರೂ ಜೋರಾಗಿ ಕೆಮ್ಮಲು ಆಗಲಿಲ್ಲ. ನನಗೆ!

ಆಚೆಯಿಂದ ಪೊರಕೆ ಹಿಡಿದು ಒಬ್ಬಳು ಬಂದಳು. ಜ್ಞಾನಮ್ಮ ಅಂತೆ. ನನ್ನ ವಾರಿಗೆಯವಳು.

"ಯಾರ್ ಬೇಕಾಗಿತ್ತು ಯಜಮಾನ್ರೇ?"

"ನಮ್ಮವ್ವ."

"ಆಂ?"

"ಪ್ಲೇಗಲ್ಲಿ ಸತ್ತೋಳು. ಇಲ್ಲೇ ಮಣ್ಣು ಮಾಡವ್ರಂತೆ."

ನನ್ನ ಮುಖ ನೋಡಿದಳು. ಪೊರಕೆ ಕೆಳಗಿಟ್ಟಳು. "ಬನ್ನಿ."

ಹಿಂದೆ ಸಮಾಧಿಗಳು. ಶಿಲುಬೆಗಳು, ರೆಕ್ಕೆಯಿದ್ದು ಮೂಗು ಮುರಿದ ಕಲ್ಲಿನ ಹೆಂಗಸು, ಇಂಗ್ಲಿಷ್ ಕೆತ್ತಿದ ಚಪ್ಪಡಿಗಳು. ಓದಲು ಬರದು, ಅಂಕಿ ಬರುತ್ತದೆ. ಯಾವನೋ ಬಿಳಿ ಸಿಪಾಯಿ ಅಂದಳು ಜ್ಞಾನಮ್ಮ, ಹತ್ತೊಂಬತ್ತಕ್ಕೇ ಸತ್ತಿದ್ದಾನೆ. ಅವನಿಗೂ ಸಮುದ್ರದಾಚೆ ಒಬ್ಬಳು ಅವ್ವ. ಮಗ ಮಲಗಿದ ನೆಲ ಅವಳಿಗೂ ಗೊತ್ತಿರಲಿಕ್ಕಿಲ್ಲ.

ಕಟ್ಟಕಡೆಗೆ ಹುಣಸೆ ಮರ. ಅದರಡಿ ಉದ್ದನೆಯ ದಿಬ್ಬ. ಹೆಸರಿಲ್ಲ. ತಲೆದೆಸೆಗೆ ಒಂದು ಗುಂಡುಕಲ್ಲು ನೆಟ್ಟಿದ್ದಾರೆ. ಮೈಯೆಲ್ಲ ಮೇಣ, ಪದರ ಪದರ.

"ಪ್ಲೇಗಿನೋರೆಲ್ಲಾ ಇಲ್ಲೇ, ಒಂದೇ ಗುಣೀಲಿ. ಯಾವ ಜಾತಿ ಅಂತ್ಲೂ ಕೇಳ್ನಿಲ್ವಂತೆ. ನವೆಂಬರ್ ಎರಡಕ್ಕೆ ನಮ್ದು ಸತ್ತೋರ ಹಬ್ಬ. ನಮ್ಮಜ್ಜಿ ಕಾಲ್ದಿಂದ್ಲೂ ನಮ್ಮನೆಯೋರು ಮೊದ್ಲು ಇಲ್ಲಿಗೆ ಮೇಣದ ಬತ್ತಿ ಅಚ್ಚಿ, ಆಮ್ಯಾಕೆ ನಮ್ಮೋರಿಗೆ ಅಚ್ಚೋದು. ಕೇಳೋರಿಲ್ದೋರಲ್ವಾ."

ನಾನು ಮೂಲೆಯಲ್ಲಿ ಎಲೆ ಹಾಕಿ ರೇಗುತ್ತಿದ್ದ ಅಷ್ಟು ವರ್ಷವೂ ಇಲ್ಲಿ ಅವ್ವನಿಗೆ ದೀಪ ಉರಿದಿದೆ. ಯಾರದೋ ಕೈಯಿಂದ.

"ಈ ಕಲ್ಲು?"

"ಯಾರೋ ಪಾಪ, ಒತ್ಕೊಂಡು ಬಂದಿದ್ನಂತೆ. ರೋಗ ಅಂಟ್ತದೆ ಅಂತ ಒಳೀಕೆ ಬುಡ್ನಿಲ್ಲ. ಗೇಟ್ ತಾವೇ ಇಟ್ಬುಟ್ಟು ಓದ್ನಂತೆ."

ಬಗ್ಗಿ ಉಗುರಿನಿಂದ ಮೇಣ ಕೆರೆದೆ. ಕೆಳಗೆ ಕರಿಕಲ್ಲು. ಕೈ ಆಡಿ ಆಡಿ ಸವೆದ ನುಣುಪು. ಒರಳಿನ ಗುಂಡು!

ಅದೇ ಹೊತ್ತಿಗೆ ಮೇಲೆ ಗಂಟೆ ಹೊಡೆದರು. ಎದೆಗೂಡಿನೊಳಗೇ ಹೊಡೆದಂತಾಯಿತು.

11 ಅಕ್ಟೋಬರ್

ನಮ್ಮ ಒರಳಿನ ಗುಂಡು ಏನಾಯ್ತು — ಅತ್ತೆಯನ್ನು ಕೇಳಿದೆ.

"ನಿಮ್ಮಪ್ಪ ಒತ್ಕೊಂಡೋದ. ತಲೆದೆಸೆಗೆ ಒಂದ್ ಕಲ್ಲಾದ್ರೂ ಬ್ಯಾಡ್ವಾ, ಅವಳ ಕೈಯಾಡಿದ್ದೇ ಇರ್ಲಿ ಅಂತ. ಬರೀ ಕೈಲಿ ಬಂದ. ಏನೂ ಯೋಳ್ನಿಲ್ಲ."

ಲೋಕೇಶ ಬಾಯಿ ಹಾಕಿದ. "ಗುಂಡು ಎಲ್ಲಾ ಒಂದೇ ತರ ಇರ್ತವೆ ಕಣಪ್ಪ. ನಮ್ದೇ ಅಂತ ಎಂಗೇಳ್ತೀಯಾ?"

"ಮುಚ್ಲಾ!"

ಅಂದೆನೇ ಹೊರತು ಆ ಮಾತು ಒಳಗೇ ಕೊರೆಯುತ್ತಿದೆ. ಒರಳು ತೊಳೆಸಿದೆ. ಇನ್ನು ಕರುವಿಗೆ ಬಕೆಟ್ಟು.

25 ಅಕ್ಟೋಬರ್

ಚರ್ಚಿನ ಸ್ವಾಮಿಯವರನ್ನು ಕಂಡೆ. ಚಿಕ್ಕ ವಯಸ್ಸು, ದಪ್ಪ ಕನ್ನಡಕ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ.

"ಎಡೆ ಇಡ್ಬೇಕು. ಕೋಳಿಸಾರು, ಮುದ್ದೆ ಇರ್ತದೆ. ಆಗಕಿಲ್ಲ ಅನ್ಬ್ಯಾಡಿ."

"ನಾಯಿ ಬರ್ದಂಗೆ ನೋಡ್ಕೊಳ್ಳಿ, ಅಷ್ಟೆ."

ಜಗಳ ಬಾಯಲ್ಲೇ ಉಳಿಯಿತು.

2 ನವೆಂಬರ್, ಬುಧವಾರ

ಟ್ರಾಕ್ಟರಲ್ಲಿ ಒರಳು, ಎಡೆ, ಅತ್ತೆ. ಬೇಡ ಅಂದರೆ, "ಸತ್ರೆ ಅಲ್ಲೇ ಊತ್ಬುಡಿ, ಗುಣಿ ತೋಡೋ ಕೆಲ್ಸ ಉಳೀತದೆ" ಅಂದಳು.

ದಾರಿಯುದ್ದಕ್ಕೂ ದೀಪಾವಳಿ ಪಟಾಕಿ. ಇಲ್ಲಿ ಸದ್ದಿಲ್ಲ. ಕತ್ತಲು ಬೀಳುತ್ತಾ ಒಂದೊಂದೇ ಬತ್ತಿ ಹಚ್ಚಿದರು. ಸಿಪಾಯಿಗೂ ಒಂದು. ನೆಲವೇ ಹೊತ್ತಿಕೊಂಡು ಸುಡದೆ ನಿಂತಂತಿತ್ತು. ತಲೆಯ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ಜ್ಞಾನಮ್ಮ ಮೊದಲ ಬತ್ತಿ ನನ್ನ ಕೈಗೆ ಕೊಟ್ಟಳು. "ಈ ವರ್ಸ ನೀವೇ ಅಚ್ಚಿ."

ಹಚ್ಚಿದೆ. ಎಡೆ ಇಟ್ಟೆ. ಒಂದು ಎಲೆ ಸಾಲದು ಅನ್ನಿಸಿತು, ಗುಣಿಯಲ್ಲಿ ಅವ್ವ ಒಬ್ಬಳೇ ಇಲ್ಲ. ಪ್ರಮೀಳಾ ಎಲೆಯ ಕಟ್ಟನ್ನೇ ತಂದಿದ್ದಳು. ಯಾರು ಹೇಳಿದ್ದರೋ. ದಿಬ್ಬದುದ್ದಕ್ಕೂ ಹಾಕಿದೆವು.

ಲೋಕೇಶ, ಜ್ಞಾನಮ್ಮನ ಮಗ ಸೇರಿ ಒರಳು ಇಳಿಸಿದರು. ನೆಟ್ಟಿದ್ದ ಗುಂಡು ಎತ್ತಿ, ಮೇಣ ಕೆರೆದು, ಒರಳಿಗೆ ಇಟ್ಟರು. ಕೂತಿತು. ಆದರೆ ಬೇರೆ ಗುಂಡೂ ಹೀಗೇ ಕೂರಬಹುದಲ್ಲ… ಲೋಕೇಶ ನನ್ನ ಮುಖ ನೋಡಲಿಲ್ಲ.

ಅತ್ತೆ ತಡವಿಕೊಂಡು ಬಂದು ಒರಳಿನ ಮುಂದೆ ಕೂತಳು. "ವಸಿ ಸರ್ಕೊ ಅತ್ಗೆ" ಅಂದಳು, ಪಕ್ಕದಲ್ಲಿ ಯಾರೋ ಇದ್ದಂತೆ. ಮಡಿಲಿನಿಂದ ಒಂದು ಹಿಡಿ ನೆನೆಸಿದ ಅಕ್ಕಿ ತೆಗೆದು ಹಾಕಿ ತಿರುಗಿಸಿದಳು. ಗರ್ರ್… ಗರ್ರ್… ಸುತ್ತು ಮುಗಿಯುವಲ್ಲಿ ಒಂದು ಕಡೆ ತಡೆದು, ಟಕ್ ಅಂದು, ಮತ್ತೆ ಗರ್ರ್…

ಮುಖ ನೆನಪಿಲ್ಲ. ದನಿ ನೆನಪಿಲ್ಲ. ಆದರೆ ಆ ಟಕ್ — ಅದು ನನಗೆ ಗೊತ್ತು. ನಾನು ತೊಡೆಯ ಮೇಲೆ ಮಲಗಿದ್ದೇನೆ, ಅಕ್ಕಿಹಿಟ್ಟಿನ ವಾಸನೆ, ಕಿವಿಯ ಹತ್ತಿರವೇ ಬಳೆ —