ಕಾಣೆಯಾದ ಹದಿನೇಳು ಸೆಕೆಂಡು

ಜೂನ್ 3, ಬೆಳಿಗ್ಗೆ

ಆರಕ್ಕೇ ಏರ್‌ಫೀಲ್ಡ್. ಎಂಜಿನ್ ಸದ್ದು ಹಿಡಿಯಲು ನಾಲ್ಕು ಮೈಕು. ಕ್ಯಾಪ್ಟನ್ ಮಲೋಂಜ ತನ್ನ ಒಂಟಿ ಟರ್ಬೊಪ್ರಾಪ್ ವಿಮಾನದ ಸ್ಟಾರ್ಟರ್ ಒತ್ತಿದ. ಮೊದಲು ಕಿಡಿಯ ಟಿಕ್ ಟಿಕ್. ಆಮೇಲೆ ಸಣ್ಣ ಸಿಳ್ಳು, ಏರುತ್ತಾ ಏರುತ್ತಾ... ಇಂಧನ ಬಿಟ್ಟಾಗ ಒಳಗೆಲ್ಲೋ ಧುಸ್ ಎಂದು ಹೊತ್ತಿಕೊಂಡ ಸದ್ದು. ಪ್ರೊಪೆಲರ್ ಒಲ್ಲದ ಮನಸ್ಸಿನಿಂದ ತಿರುಗತೊಡಗಿತು. ನನ್ನ ಹಿಂದಿನ ಸೌಂಡ್ ಪ್ಯಾಕ್ ಕೊಂಡವನೊಬ್ಬ ಬರೆದಿದ್ದ — ಮಿಕ್ಸಿ ತಿರುಗಿದಂತಿದೆ. ಈ ಸಲ ಅನ್ನಲಾರ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಆಟದ ಕಂಪನಿಗೆ ಇಪ್ಪತ್ತನೇ ತಾರೀಖಿನೊಳಗೆ ಕಳಿಸಬೇಕು.

ಹಿರಿಯ ಮೆಕ್ಯಾನಿಕ್ ಒಗುಟು — ನಮಗೆಲ್ಲ ಮ್ಜೇ, ಅಂದರೆ ಹಿರಿಯರು — ಮಾಮೂಲಿನಂತೆ ಕೆಣಕಿದರು.

"ಏನಮ್ಮಾ ಚೆಬೆಟ್, ನಿನ್ನ ಆಟದ ವಿಮಾನಕ್ಕೆ ಎಣ್ಣೆ ಎಷ್ಟು ಹಾಕ್ಲಿ?"

"ನಂಗೆ ಚಾ ಹಾಕಿ ಮ್ಜೇ, ಸಾಕು."

ಚಾ ಜೊತೆ ಕರಿದ ಬನ್ನಿನಂಥ ಮಂದಾಜಿಯನ್ನೂ ಕೊಟ್ಟರು.

ಜೂನ್ 5

ಸ್ಟಾರ್ಟ್ ಭಾಗದ ಎಡಿಟಿಂಗ್ ಮುಗಿಯಿತು. ಚೆನ್ನಾಗಿ ಬಂದಿದೆ. ಎಂಜಿನ್ ಆರಿಸುವ ಭಾಗದಲ್ಲಿ ಮಾತ್ರ ಕೊನೆಗೆ ಏನೋ ಉಜ್ಜಿದ ಸದ್ದು. ಕೇಬಲ್ ಇರಬೇಕೆಂದುಕೊಂಡೆ. ನಾಲ್ಕೂ ಮೈಕಿನಲ್ಲಿದೆ.

ಜೂನ್ 6

ಇದೇ ವಿಮಾನದ ಫೆಬ್ರವರಿ ರೆಕಾರ್ಡಿಂಗ್ ಹುಡುಕಿ ತೆಗೆದೆ. ಆಗ ಆರಿಸಿದ ಮೇಲೆ ಪೂರ್ತಿ ನಿಲ್ಲಲು ನಲವತ್ತೆಂಟು ಸೆಕೆಂಡು. ಈಗ ಮೂವತ್ತೊಂದು, ಒಳಗೆ ಏನೋ ಹಿಡಿದು ನಿಲ್ಲಿಸಿದಂತೆ. ಉಜ್ಜುವ ಸದ್ದೂ ಆಗ ಇಲ್ಲ.

ಆ ಸದ್ದನ್ನು ರೆಕಾರ್ಡಿಂಗ್‌ನಿಂದ ತೆಗೆದುಹಾಕುವುದು ಎರಡು ನಿಮಿಷದ ಕೆಲಸ. ತೆಗೆದೂ ಹಾಕಿದೆ. ಚೆನ್ನಾಗೇ ಇತ್ತು... ಮತ್ತೆ ವಾಪಸ್ ತಂದೆ.

ಜೂನ್ 7, ಮಧ್ಯಾಹ್ನ

ಲ್ಯಾಪ್‌ಟಾಪ್ ಹಿಡಿದು ಹ್ಯಾಂಗರ್‌ಗೆ ಹೋದೆ. ಮಲೋಂಜ ಪೂರ್ತಿ ಕೇಳಲೂ ಇಲ್ಲ.

"ನಾಳೆ ಲೋಡ್ವಾರ್‌ಗೆ ಎಂಟು ಜನ ಹೊರಟಿದಾರೆ. ಗೇಜೆಲ್ಲ ಸರಿಯಾಗಿವೆ. ಕುರ್ಚಿ ಮೇಲೆ ಕೂತು ವಿಮಾನ ಹಾರಿಸೋಳು ನಂಗೆ ಎಂಜಿನ್ ಹೇಳ್ಕೊಡ್ತೀಯಾ?"

ಮ್ಜೇ ಹೆಡ್‌ಫೋನ್ ಹಾಕಿಕೊಂಡರು. "ಏನೂ ಇಲ್ವಲ್ಲ ಮಗಳೇ."

ಜೋರು ಮಾಡಿದೆ. ಇಲ್ಲ. ನನಗೋ ಕಿವಿಗೆ ಚುಚ್ಚುವಷ್ಟು ಸ್ಪಷ್ಟ. ವೇಗ ಅರ್ಧಕ್ಕಿಳಿಸಿದೆ. ಸದ್ದು ದಪ್ಪವಾಯಿತು. ಅವರ ಮುಖ ಬದಲಾಯಿತು. ಇನ್ನೊಮ್ಮೆ ಹಾಕು ಎಂದು ಬೆರಳಲ್ಲೇ ಸನ್ನೆ ಮಾಡಿದರು. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮಲೋಂಜ, ಎಂಜಿನ್ ಆರಿಸ್ದಾಗೆಲ್ಲ ನಾನು ಪಕ್ಕದಲ್ಲೇ ನಿಂತು ಕೇಳ್ತಿದ್ದೆ, ಅಲ್ವಾ? ಸುಮ್ನೆ ನಿಂತಿದ್ದೆ ಅಷ್ಟೆ. ಒಂದು ವರ್ಷದಿಂದ ನಂಗೆ ಸಣ್ಣ ಕೀರಲು ಸದ್ದು ಕೇಳ್ಸಲ್ಲ ಕಣಯ್ಯಾ."

"ತಮಾಷೆ ಮಾಡ್ಬೇಡಿ ಮ್ಜೇ."

"ನಾಳೆ ಹಾರಾಟಕ್ಕೆ ನಾನು ಸಹಿ ಹಾಕಲ್ಲ. ಎಂಜಿನ್ ಬಿಚ್ಚಿಸು."

ಮಲೋಂಜ ನನ್ನ ಕಡೆ ನೋಡಿದ. ಇನ್ನು ಮೈಕು ಹಿಡಿದು ಈ ಕಡೆ ಬರಬೇಡ ಎಂದ. ಬಂದುಬಿಟ್ಟೆ. ಮ್ಜೇ ತಲೆ ಎತ್ತಲಿಲ್ಲ. ಅವರ ಗುಟ್ಟು ಬಯಲು ಮಾಡಲು ನಾನು ಹೋಗಿರಲಿಲ್ಲ.

ಜೂನ್ 13

ಮ್ಜೇ ಫೋನ್. ಒಳಗಿನ ಬೇರಿಂಗ್ ಸವೆದಿದೆ. ಎಂಜಿನ್ ಒಳಗಿನ ಬ್ಲೇಡುಗಳ ತುದಿ ಅದರ ಒಳಗೋಡೆಗೆ ಉಜ್ಜಿ ಉಜ್ಜಿ ಹೊಳೆಯುತ್ತಿವೆಯಂತೆ. "ಇನ್ನೆಷ್ಟು ಸಲ ಹಾರ್ತಿತ್ತೋ ಹೇಳಕ್ಕಾಗಲ್ಲ. ಒಂದು ಸಲಾನೋ, ಐವತ್ತು ಸಲಾನೋ." ಸಹಿ ಹಾಕುವ ಅಧಿಕಾರವನ್ನು ಅವರೇ ಬಿಟ್ಟುಕೊಟ್ಟಿದ್ದಾರೆ. ನಲವತ್ತು ವರ್ಷದ ಕೆಲಸ. ಊಟ ಆಯ್ತಾ ಎಂದು ಕೇಳಿದೆ.

ಜೂನ್ 20

ಕೆಟ್ಟ ಎಂಜಿನ್ನಿನ ಸದ್ದನ್ನು ಕಳಿಸಲಿಲ್ಲ. ಕಂಪನಿ ಬೇರೆಯವರ ಸದ್ದು ತೆಗೆದುಕೊಂಡಿದೆ.

ಆಗಸ್ಟ್ 19

ನಿನ್ನೆ ಮಲೋಂಜನ ಫೋನ್. ಕ್ಷಮೆ ಗಿಮೆ ಏನಿಲ್ಲ. "ಹೊಸ ಎಂಜಿನ್ ಕೂರಿಸಿದೀವಿ. ಮೊದಲ ಸ್ಟಾರ್ಟು ನಾಳೆ ಬೆಳಿಗ್ಗೆ ಏಳಕ್ಕೆ. ಮೈಕು ತಗೊಂಡ್ ಬಾ."

ಈಗ ರೆಕ್ಕೆಯಿಂದ ದೂರ, ಡಬ್ಬಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಮ್ಜೇ ಕೆಲಸಕ್ಕಲ್ಲ, ಸುಮ್ಮನೆ ಬಂದಿದ್ದಾರೆ. ಇಸ್ತ್ರಿ ಮಾಡಿದ ಅಂಗಿ. ಕೇಳದೆಯೇ ನನ್ನ ಹೆಡ್‌ಫೋನ್ ಎತ್ತಿ ಹಾಕಿಕೊಂಡು ಪಕ್ಕದಲ್ಲಿ ಕೂತರು.

"ಪೆನ್ನು ನಿಲ್ಸೇ. ಗರಗರ ಅಂತ ಮೈಕಿಗೆ ಬೀಳ್ತಿದೆ."

"ನಿಮಗೆ ಕೇಳ್ತಾ?"

"ಕೇಳ್ತು. ಬಾಯಿ ಮುಚ್ಚು."

ಮಲೋಂಜ ಒಳಗಿನಿಂದ ಕೈ ಎತ್ತಿದ. ಟಿಕ್ ಟಿ—