ಟೆಲ್ ಅಂದರೆ

ಅಮ್ಮಾ,

ಇವತ್ತು ದೊಡ್ಡವರ ಇಂಗ್ಲಿಷ್ ತರಗತಿಯಲ್ಲಿ 'ಟೆಲ್' ಪಾಠ ಮಾಡಿದೆ. ಟೆಲ್ ಅಂದರೆ ಹೇಳುವುದು. 'ಐ ಕುಡ್ ಟೆಲ್' ಅಂದರೆ ನನಗೆ ಗೊತ್ತಾಯಿತು ಅಂತ ವಿವರಿಸಿದೆ. ನಿನ್ನದೇ ವಯಸ್ಸಿನ ಟೈಲರಮ್ಮ ಎದ್ದು ನಿಂತರು.

"ಮೇಡಂ, ಬಾಯಿಬಿಟ್ಟು ಹೇಳದೇ ಗೊತ್ತಾದರೂ ಟೆಲ್ಲೇನಾ? ಒಂದು ಉದಾಹರಣೆ ಕೊಡಿ."

ಬೋರ್ಡಿನ ಕಡೆ ತಿರುಗಿದಾಗ ಆ ಭಾನುವಾರದ ನಿನ್ನ ಫೋನು ನೆನಪಾಯಿತು. "ಸ್ವಲ್ಪ ಸುಸ್ತು ಕಣೇ, ಅಷ್ಟೇ" ಅಂದಿದ್ದೆ ನೀನು. ಅಷ್ಟು ಹೇಳುವುದರೊಳಗೆ ಎರಡು ಸಲ ಉಸಿರು ಎಳೆದುಕೊಂಡಿದ್ದೆ. ಪೇಪರು ತಿದ್ದೋದಿದೆ ಅಂತ ನಾನು ಫೋನಿಟ್ಟೆ. ಮಂಗಳವಾರ ಅಣ್ಣ ಆಸ್ಪತ್ರೆಯಿಂದ ಫೋನ್ ಮಾಡುವಷ್ಟರಲ್ಲಿ ನೀನಿರಲಿಲ್ಲ.

'ಅವಳ ದನಿಯಲ್ಲೇ ನನಗೆ ಗೊತ್ತಾಯಿತು' ಅಂತ ಇಂಗ್ಲಿಷಿನಲ್ಲಿ ಬರೆದೆ.

ಟೈಲರಮ್ಮ ಅದನ್ನು ನಿಧಾನವಾಗಿ ಓದಿಕೊಂಡು ಕೇಳಿದರು, "ಗೊತ್ತಾದ ಮೇಲೆ ಏನು ಮಾಡಿದಿರಿ ಮೇಡಂ?"

"ಇದು ಬರೀ ಉದಾಹರಣೆ, ಬರ್ಕೊಳ್ಳಿ" ಅಂದೆ.